ಲಕ್ವ ಹೊಡೆದವನ ಆರೈಕೆಯೂ ಕೈಯಲ್ಲಿಯ ಫೋನೂ
(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಲಕ್ವ ಮುದುಕರ ಕಾಯಿಲೆ, ಅದರ ಮಾತು ನಮಗೇಕೆ ಎಂದು ಹಿಂದಿನ ಸಾಲಿನಿಂದ ಯಾರೋ ಅಂದದ್ದು ಕೇಳಿಸಿತು. ರಕ್ತದ ಒತ್ತಡ ಎಷ್ಟಿದೆಯೆಂದು ಒಂದು ದಿನವೂ ಅಳೆಸಿಕೊಳ್ಳದೆ, ಬೀಡಿಯನ್ನೂ ಬಿಡದೆ ಒಲೆಯ ಮುಂದೆ ನಿಲ್ಲುವ ನಮ್ಮಂಥವರಿಗೆ ಅದು ನಲವತ್ತರಲ್ಲಿಯೂ ಬರುತ್ತದೆ. ಬಾಯಿ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ ಎಣ್ಣೆ ತಿಕ್ಕುತ್ತ ಕೂಡ್ರಬಾರದು. ಕೂಡಲೇ 108ಕ್ಕೆ ಫೋನು ಮಾಡತಕ್ಕದ್ದು. ರಕ್ತದ ಗಡ್ಡೆ ಕರಗಿಸುವ ಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬಿದ್ದರೇ ಉಪಯೋಗ. ಇದಿಷ್ಟನ್ನು ಎಲ್ಲರೂ ಹೇಳುತ್ತಾರೆ. ನಾವು ಇಂದು ಹೇಳಹೊರಟಿದ್ದು ಆಸ್ಪತ್ರೆಯಿಂದ ಹೊರಬಿದ್ದ ಮೇಲಿನ ಸಂಗತಿ.

ಆಸ್ಪತ್ರೆಯವರು ಕೆಲವು ದಿನ ಇಟ್ಟುಕೊಂಡು, ಮನೆಗೆ ಹೋಗಿ ವ್ಯಾಯಾಮ ಮಾಡಿ ಎನ್ನುತ್ತಾರೆ. ಯಾವ ಮನೆಗೆ? ನಮ್ಮಲ್ಲಿ ಎಷ್ಟೋ ಜನರಿಗೆ ಹೋಟೆಲಿನ ಮಾಳಿಗೆಯ ಮೇಲಿನ ಎಂಟು ಮಂದಿಯ ಕೋಣೆಯೇ ಮನೆ. ನಮ್ಮ ಸಪ್ಲೈಯರ್ ಒಬ್ಬರನ್ನು ಧಣಿಗಳು ಕೈಗೆ ಒಂದಿಷ್ಟು ದುಡ್ಡಿಟ್ಟು ಮಂಗಳೂರು ಮೇಲ್ ಹತ್ತಿಸಿದರು. ಗುಣವಾದ ಮೇಲೆ ಬಾ ಎಂದರು. ಕುಂದಾಪುರದಾಚೆಯ ಆ ಹಳ್ಳಿಯಲ್ಲಿ ವ್ಯಾಯಾಮ ಕಲಿಸುವವರು ಯಾರು?

ಇಲ್ಲಿಯೇ ಫೋನಿನ ಮಾತು ಬರುವುದು. ಸುರೇಶಕುಮಾರ್ ಕಮಲಕಣ್ಣನ್ ಎಂಬ ಸಂಶೋಧಕರೂ ಅವರ ಸಂಗಡಿಗರೂ ‘ಕೇರ್ ಫಾರ್ ಸ್ಟ್ರೋಕ್’ ಎಂಬ ಏರ್ಪಾಟನ್ನು ಸಿದ್ಧಪಡಿಸಿ, ಇದೇ ಚೆನ್ನೈಯಲ್ಲಿ ಪರೀಕ್ಷೆ ಮಾಡಿದರು. 2015ರಲ್ಲಿ, 2016ರಲ್ಲಿ ಅದರ ವಿವರ ಪ್ರಕಟವಾಯಿತು. ಕಾಯಿಲೆ ಏನು, ಮನೆಯಲ್ಲಿ ಮಾಡುವ ವ್ಯಾಯಾಮ ಯಾವುದು, ಮಗ್ಗುಲಾಗುವುದು, ಏಳುವುದು, ಉಡುವುದು, ಉಣ್ಣುವುದು ಹೇಗೆ, ಊರುಗೋಲು ಯಾವ ತರಹದ್ದು ಎಂಬುದನ್ನೆಲ್ಲ ಫೋನಿನಲ್ಲಿ ನೋಡಿ ರೋಗಿಯೂ ಮನೆಯವರೂ ಕಲಿಯಬಹುದು.

ಹಾಗೆಂದು ಫೋನು ಬಂತು, ಇನ್ನೇನು ಚಿಂತೆ ಎಂದು ಹಿಗ್ಗಬೇಡಿ. ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ಒಂದು ದೊಡ್ಡ ಪರೀಕ್ಷೆ ನಡೆಯಿತು. ಅದರಲ್ಲಿ ಫೋನಿರಲಿಲ್ಲ, ಅರ್ಧ ಮಂದಿಯ ಮನೆಯವರಿಗೆ ಆರೈಕೆಯ ತರಬೇತಿ ಕೊಟ್ಟರು. 2017ರಲ್ಲಿ ಫಲಿತಾಂಶ ಬಂದಾಗ, ಆರು ತಿಂಗಳ ನಂತರ ತೀರಿಕೊಂಡವರು ಮತ್ತು ಪರರ ಆಸರೆಯಲ್ಲಿ ಉಳಿದವರು ಎರಡು ಕಡೆಯೂ ನೂರಕ್ಕೆ 47. ಎಲ್ಲವನ್ನೂ ಹೆಂಡತಿಯ, ತಾಯಿಯ ತಲೆಗೆ ಕಟ್ಟಿದರೆ ಸಾಲದು ಎಂದೇ ನಾವು ಇದರಿಂದ ತಿಳಿಯುತ್ತೇವೆ. ಫೋನಿನ ಆಚೆ ತುದಿಯಲ್ಲಿ ವಾರಕ್ಕೊಮ್ಮೆಯಾದರೂ ಕೇಳುವ, ತಪ್ಪು ತಿದ್ದುವ ಒಬ್ಬ ತಜ್ಞ ಇರಬೇಕು. ಇಲ್ಲದಿದ್ದರೆ ಅದೂ ಒಂದು ಸಿನಿಮಾ.

ಇನ್ನೊಂದು ಮಾತು. ರೋಗಿಗೆ ಏನು ಬೇಕೆಂದು ರೋಗಿಯನ್ನೇ ಕೇಳಬೇಕು. ಆ ಸಪ್ಲೈಯರ್‌ಗೆ ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಬೇಸರ ತಂದಿತ್ತು. ನೀರು ತುಂಬಿದ ಲೋಟವನ್ನು ಬಟ್ಟಲಿನಲ್ಲಿಟ್ಟು ಚೆಲ್ಲದೆ ಹಿಡಿ ಎಂದಾಗ ಮುಖ ಅರಳಿತು. ಅವನ ಕೈ ಬಲ್ಲ ಕೆಲಸ ಅದು! ಅಡಿಗೆ ಭಟ್ಟರಿಗೆ ಸಟ್ಟುಗ ತಿರುವಬೇಕು. ಮತ್ತೊಬ್ಬರಿಗೆ ಬಲಗೈಯಲ್ಲೇ ಅನ್ನ ಕಲಸಬೇಕು. ಭಾಷೆಯದೂ ಹಾಗೆಯೇ. ಮಾತು ಬಿದ್ದವನಿಗೆ ಕಲಿತ ತಮಿಳಿನಲ್ಲಿ ಹೇಳಿದರೆ ಸಾಲದು, ಕನ್ನಡದಲ್ಲಿಯೋ ತುಳುವಿನಲ್ಲಿಯೋ ಹೇಳಬೇಕು. ಅಂಥ ಪಾಠಗಳನ್ನು ನಾವು ಕೇಳಿ ಪಡೆಯಬೇಕಾಗಿದೆ.

ಇನ್ನು ಹೊಟ್ಟೆಯ ಪ್ರಶ್ನೆ. ಇ.ಎಸ್.ಐ. ಸದಸ್ಯನಿಗೆ ಮಾಮೂಲು ಕಾಯಿಲೆಗೆ ವರ್ಷಕ್ಕೆ 91 ದಿನ, ನೂರಕ್ಕೆ 70ರಂತೆ ಸಂಬಳ ಸಿಗುತ್ತದೆ. ಅರ್ಧಾಂಗವಾಯು ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿದೆ. ಎರಡು ವರ್ಷ ಸತತ ಕೆಲಸದಲ್ಲಿದ್ದು 156 ದಿನಗಳ ವಂತಿಗೆ ಸಂದಿದ್ದರೆ, ನೂರಕ್ಕೆ 80ರಂತೆ, ಎರಡು ವರ್ಷದವರೆಗೂ ಪಡೆಯಬಹುದು. ಹೆಸರೇ ಪುಸ್ತಕದಲ್ಲಿ ಇಲ್ಲದವನಿಗೆ ಯಾವ ಲೆಕ್ಕ? ಊರಿಗೆ ಹೋಗು ಎಂದೊಡನೆ ರೈಲು ಹತ್ತಬೇಡಿ. ಮೊದಲು ವೈದ್ಯರ ಸರ್ಟಿಫಿಕೇಟು, ಆಮೇಲೆ ಟಿಕೇಟು. ಇಲ್ಲಿಯೇ ಉಳಿಯುವವರು, ತಮಿಳುನಾಡು ಸರಕಾರ 2021ರ ಆಗಸ್ಟಿನಲ್ಲಿ ಆರಂಭಿಸಿದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಮನೆಗೇ ಬಂದು ಅಂಗಸಾಧನೆ ಮಾಡಿಸುವ ಸೌಕರ್ಯವನ್ನು ಕೇಳಿ ತಿಳಿಯಿರಿ.

ಬರುವ ಭಾನುವಾರ ಮಧ್ಯಾಹ್ನದ ಬಿಡುವಿನಲ್ಲಿ ಸಂಘದ ಕೋಣೆಯಲ್ಲಿ ರಕ್ತದ ಒತ್ತಡ ಅಳೆಯಲಾಗುವುದು. ಬರುವಾಗ ಇ.ಎಸ್.ಐ. ಚೀಟಿ ತನ್ನಿ. ಚೀಟಿ ಇಲ್ಲದವರು ತಪ್ಪದೆ ಬನ್ನಿ. ನಿಮ್ಮ ಹೆಸರನ್ನೇ ನಾವು ಮೊದಲು ಬರೆದುಕೊಳ್ಳುವುದು.