ಆಪರೇಷನ್ ಆದರೂ ಎದೆಹಾಲು ಬರುತ್ತದೆ



ಇವತ್ತು ನಾವು ಎದೆಹಾಲಿನ ಬಗ್ಗೆ ನಾಲ್ಕು ಮಾತು ಆಡೋಣ.

ಹಿಂದೆ ಹೆರಿಗೆ ಅಂದರೆ ಮನೆಯಲ್ಲೇ. ಸೂಲಗಿತ್ತಿ ಬರುತ್ತಿದ್ದಳು. ಈಗ ಕಾಲ ಬದಲಾಗಿದೆ. ನಮ್ಮ ರಾಜ್ಯದಲ್ಲಿ ಹೆಚ್ಚುಕಡಿಮೆ ಎಲ್ಲ ಹೆರಿಗೆಗಳೂ ಆಸ್ಪತ್ರೆಯಲ್ಲೇ ಆಗುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 100 ಹೆರಿಗೆಗಳಲ್ಲಿ 30ಕ್ಕಿಂತ ಹೆಚ್ಚು ಸಿಸೇರಿಯನ್. ಅಂದರೆ ಹೊಟ್ಟೆ ಕೊಯ್ದು ಮಗು ತೆಗೆಯುವುದು.

ಆಪರೇಷನ್ ಆದ ಮನೆಯಲ್ಲಿ ಒಂದು ಮಾತು ಕೇಳಿಬರುತ್ತದೆ. "ಹೊಟ್ಟೆ ಕೊಯ್ದಿದ್ದಾರೆ, ಅವಳಿಗೆಲ್ಲಿ ಹಾಲು ಬರುತ್ತೆ? ಡಬ್ಬಿ ಹಾಲು ತನ್ನಿ."

ಈ ಮಾತು ನಿಜವೇ? ನಿಜವಲ್ಲ. ಹೆರಿಗೆಯಾದ ಮೇಲೆ ಮಾಸು ಹೊರಗೆ ಬರುತ್ತದೆ. ಆಗ ಹಾಲು ತಯಾರಾಗಲಿ ಅಂತ ಮೈಗೆ ಸೂಚನೆ ಸಿಗುತ್ತದೆ. ಆಪರೇಷನ್‌ನಲ್ಲೂ ಮಾಸು ತೆಗೆಯುತ್ತಾರೆ. ಹಾಗಾಗಿ ಹಾಲೂ ಬರುತ್ತದೆ. ಮಗು ಚೀಪಿದಷ್ಟೂ ಹಾಲು ಹೆಚ್ಚುತ್ತದೆ.

ಹಾಗಾದರೆ ತೊಂದರೆ ಎಲ್ಲಿ? ಶುರು ಮಾಡುವುದರಲ್ಲಿ. ಸಹಜ ಹೆರಿಗೆಯಾದವಳು ಸಾಮಾನ್ಯವಾಗಿ ಬೇಗ ಎದ್ದು ಕೂರುತ್ತಾಳೆ. ಗಾಯ ಇದ್ದವಳಿಗೆ ಕೂರಲು, ಹೊರಳಲು ನೋವು. ಕೆಲವು ಕಡೆ ಮಗುವನ್ನು ಬೇರೆ ಇಟ್ಟಿರುತ್ತಾರೆ. ಹಾಲು ತುಂಬಿ ಬರುವುದೂ ಸ್ವಲ್ಪ ತಡವಾಗಬಹುದು. ಅಷ್ಟರಲ್ಲಿ ಯಾರೋ ಬಾಟಲಿ ತರುತ್ತಾರೆ. ಹೊಟ್ಟೆ ತುಂಬಿದ ಮಗು ಎದೆ ಚೀಪುವುದಿಲ್ಲ. ಚೀಪದಿದ್ದರೆ ಹಾಲು ಕಡಿಮೆಯಾಗುತ್ತದೆ. ಆಮೇಲೆ, "ನೋಡಿ, ಇವಳಿಗೆ ಹಾಲೇ ಇಲ್ಲ" ಅಂತಾರೆ. ಇದರಲ್ಲಿ ತಾಯಿಯ ತಪ್ಪೇನಿದೆ?

ಏನು ಮಾಡಬೇಕು?

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡಿದ್ದರೆ ತಾಯಿಗೆ ಎಚ್ಚರ ಇರುತ್ತದೆ. ತಾಯಿ, ಮಗು ಚೆನ್ನಾಗಿದ್ದರೆ ಒಂದು ಗಂಟೆಯ ಒಳಗೇ ಹಾಲೂಡಿಸಬಹುದು. ಪೂರ್ತಿ ಪ್ರಜ್ಞೆ ತಪ್ಪಿಸಿದ್ದರೆ, ಚೆನ್ನಾಗಿ ಎಚ್ಚರವಾದ ಕೂಡಲೇ ಊಡಿಸಬಹುದು. "ಸಿಸ್ಟರ್, ಮಗು ಕೊಡಿ" ಅಂತ ಕೇಳಲು ಅಂಜಬೇಡಿ.

ಮೊದಲು ಬರುವ ಹಳದಿ ಗಿಣ್ಣು ಹಾಲನ್ನು ಚೆಲ್ಲಬೇಡಿ. ಅದು ಸ್ವಲ್ಪವೇ ಇರುತ್ತದೆ. ಮಗುವಿನ ಹೊಟ್ಟೆಯೂ ಪುಟ್ಟದು. ರೋಗ ತಡೆಯುವ ಶಕ್ತಿ ಆ ಹಾಲಿನಲ್ಲಿದೆ. ಜೇನು, ಸಕ್ಕರೆ ನೀರು, ಕತ್ತೆ ಹಾಲು ಬೇಡ.

ತಾಯಿ ಮಗ್ಗುಲಾಗಿ ಮಲಗಿ ಊಡಿಸಲಿ. ಕೂರಲು ಆದರೆ, ಪಕ್ಕದಲ್ಲಿ ದಿಂಬು ಇಟ್ಟು, ಮಗುವನ್ನು ಕಂಕುಳ ಕೆಳಗೆ ಹಿಡಿಯಲಿ. ಆಗ ಗಾಯದ ಮೇಲೆ ಭಾರ ಬೀಳುವುದಿಲ್ಲ. ಹಗಲು ರಾತ್ರಿ ಸೇರಿ 8ರಿಂದ 12 ಸಲ ಊಡಿಸಲಿ.

ಮಗುವನ್ನು ಬೇರೆ ವಾರ್ಡಿನಲ್ಲಿ ಇಟ್ಟಿದ್ದರೆ, ಹಾಲನ್ನು ಶುಚಿಯಾದ ಬಟ್ಟಲಿಗೆ ಹಿಂಡಿ ಕೊಡಿ. ನರ್ಸ್ ಹೇಳಿದಂತೆ ಒಳಲೆಯಲ್ಲಿ ಕುಡಿಸಬಹುದು.

ಹಾಲು ಸಾಲುತ್ತಿದೆಯೇ, ತಿಳಿಯುವುದು ಹೇಗೆ? ವಾರ ತುಂಬಿದ ಮಗು ದಿನಕ್ಕೆ 6 ಸಲವಾದರೂ ಉಚ್ಚೆ ಹೊಯ್ದರೆ, ತೂಕ ಏರುತ್ತಿದ್ದರೆ, ಸಾಲುತ್ತಿದೆ. ಮಗು ಮಂಕಾದರೆ, ಉಚ್ಚೆ ಕಡಿಮೆಯಾದರೆ ಕೂಡಲೇ ಡಾಕ್ಟರಿಗೆ ತೋರಿಸಿ. ಅವರೇ ಬೇರೆ ಹಾಲು ಕೊಡಲು ಹೇಳಿದರೆ ಕೊಡಿ. ಆದರೆ ಎದೆ ಬಿಡಿಸಬೇಡಿ.

ಅಣ್ಣಂದಿರೇ, ಇದು ಹೆಂಗಸರ ಮಾತು ಅಂತ ಎದ್ದು ಹೋಗಬೇಡಿ. ದಿಂಬು ಇಡಲು, ಮಗು ಎತ್ತಿಕೊಡಲು, ಬಾಣಂತಿಗೆ ಹೊತ್ತಿಗೆ ಸರಿಯಾಗಿ ಊಟ ಕೊಡಲು ನಿಮ್ಮ ಕೈಯೂ ಬೇಕು.

ಮೊದಲ ದಿನಗಳಲ್ಲಿ ನಾವೆಲ್ಲ ನೆರವಾದರೆ, ಆಪರೇಷನ್ ಆದ ತಾಯಿಯೂ ಉಳಿದವರಂತೆ ಹಾಲೂಡಿಸಬಲ್ಲಳು. 6 ತಿಂಗಳು ಬರೀ ಎದೆಹಾಲು. ನೀರೂ ಬೇಡ. ಆಮೇಲೆ ಮೆತ್ತನೆಯ ಊಟದ ಜೊತೆಗೆ 2 ವರ್ಷ, ಇನ್ನೂ ಹೆಚ್ಚು ದಿನ ಕೊಟ್ಟರೂ ಒಳ್ಳೆಯದು.

ನಿಮ್ಮ ಬೀದಿಯಲ್ಲಿ ಬಸುರಿ ಇದ್ದಾಳೆಯೇ? ಈ ಪಾಠವನ್ನು ಅವಳಿಗೆ ಓದಿ ಹೇಳಿ. ಅವಳ ಅತ್ತೆಗೂ ಓದಿ ಹೇಳಿ. ಈಗ ನಿಮಗೆ ಓದಲು ಬರುತ್ತದೆಯಲ್ಲ!