ಯಾವ ಫ್ಲೂ ಇದು?

ಹಾನಗಲ್ಲಿನ ಭತ್ತದ ಗದ್ದೆಯಿಂದ ಸವಣೂರಿನ ಎಲೆಬಳ್ಳಿ ತೋಟದವರೆಗೆ, ಮಳೆ ಹಿಡಿದರೆ ಮನೆಮನೆಯಲ್ಲೂ ಒಂದೇ ಮಾತು: “ಜ್ವರ ಬಂದಾವ, ಮೈಕೈ ಹಿಡಕೊಂಡಾವ.” ಶಿಗ್ಗಾಂವಿಯಲ್ಲೂ ಹಿರೇಕೆರೂರಿನಲ್ಲೂ ಅದೇ. ನೆಗಡಿ, ಡೆಂಗಿ, ಫ್ಲೂ ಎಲ್ಲವೂ ಆ ಒಂದು ಮಾತಿನೊಳಗೆ ಸೇರಿಬಿಡುತ್ತವೆ. ಉಪನ್ಯಾಸ ಮಾಲೆಯ ಇಂದಿನ ವಿಷಯ ಫ್ಲೂ ಮಾತ್ರ. ಆದರೆ ಅದರೊಳಗೂ ಹಲವು ಬಗೆಗಳಿವೆ. ಊರಿಗೆ ಬಂದಿರುವುದು ಯಾವ ಬಗೆ ಎಂಬುದರ ಮೇಲೆ ಮನೆಯಲ್ಲಿ ಯಾರನ್ನು ಹೆಚ್ಚು ಜೋಪಾನ ಮಾಡಬೇಕು ಎಂಬುದು ನಿಂತಿದೆ.

ಈ ರೋಗದ ಅತಿ ಘೋರ ಮುಖ ಕಂಡದ್ದು 1918ರಲ್ಲಿ. ಹಾವೇರಿ ಜಿಲ್ಲೆ ಆಗ ಇರಲಿಲ್ಲ. ಹಾನಗಲ್ಲು ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಅದೇ ಜಿಲ್ಲೆಯ ಕೋಡ ತಾಲ್ಲೂಕಿಗೆ ಹಿರೇಕೆರೂರು, ಬಂಕಾಪುರ ತಾಲ್ಲೂಕಿಗೆ ಶಿಗ್ಗಾಂವಿ ಸೇರಿದ್ದವು. ಸವಣೂರಿನಲ್ಲಿ ನವಾಬರ ಆಳ್ವಿಕೆ. ಜೂನ್‌ ತಿಂಗಳಲ್ಲಿ ಮುಂಬೈ ಬಂದರಿನಲ್ಲಿ ಕಾಣಿಸಿದ ಜ್ವರ ಮೊದಲು ಅಷ್ಟೇನೂ ಕಾಡಲಿಲ್ಲ. ಸೆಪ್ಟೆಂಬರ್‌ನಲ್ಲಿ ಮರಳಿದಾಗ ಅದು ರೈಲು ಹತ್ತಿ ದೇಶದ ಒಳನಾಡಿಗೆ ನುಗ್ಗಿತು. ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಭಾರತದಲ್ಲಿ ಸತ್ತವರು 1.2 ಕೋಟಿಯಿಂದ 2 ಕೋಟಿ ಎಂದು ಅಂದಾಜು. 1911 ಮತ್ತು 1921ರ ಜನಗಣತಿಗಳ ನಡುವೆ ದೇಶದ ಜನಸಂಖ್ಯೆಯೇ ಇಳಿಯಿತು. ಹೆಚ್ಚಾಗಿ ಬಲಿಯಾದವರು ಮುದುಕರಲ್ಲ, 20ರಿಂದ 40ರ ಪ್ರಾಯದ ದುಡಿಯುವ ಮಂದಿ.

ಕೊಂದದ್ದು ಏನು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಮನುಷ್ಯರ ಫ್ಲೂ ವೈರಸ್ಸನ್ನು ಬೇರ್ಪಡಿಸಿದ್ದು 1933ರಲ್ಲಿ, ಲಂಡನ್ನಿನಲ್ಲಿ. ರೋಗಿಯ ಗಂಟಲು ಮುಕ್ಕಳಿಸಿದ ನೀರನ್ನು ಮುಂಗುಸಿಯಂಥ ಫೆರೆಟ್ ಪ್ರಾಣಿಯ ಮೂಗಿಗೆ ಬಿಟ್ಟಾಗ ಅದಕ್ಕೂ ಜ್ವರ ಬಂತು. ಅದು ಎ ಬಗೆ. 1940ರಲ್ಲಿ ಬಿ, 1947ರಲ್ಲಿ ಸಿ, 2011ರಲ್ಲಿ ಹಂದಿಯೊಂದರಲ್ಲಿ ಡಿ ಸಿಕ್ಕವು.

ಎ ಬಗೆಯನ್ನು ಹತ್ತಿರದಿಂದ ನೋಡಬೇಕು. ಒಂದು ಕಣದ ಅಗಲ ಸುಮಾರಾಗಿ ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲು, ಮೈತುಂಬ ಮುಳ್ಳು. ಎಚ್ ಎಂಬ ಮುಳ್ಳು ಗಂಟಲಿನ ಜೀವಕೋಶಕ್ಕೆ ಅಂಟಿಕೊಂಡು ಒಳಗೆ ದಾರಿ ಮಾಡುತ್ತದೆ. ಒಳಗೆ ಹುಟ್ಟಿದ ಹೊಸ ವೈರಸ್‌ಗಳು ಹೊರಡುವಾಗ ಆ ಅಂಟನ್ನು ಕತ್ತರಿಸುವುದು ಎನ್ ಮುಳ್ಳು. ಎಚ್1ಎನ್1, ಎಚ್3ಎನ್2 ಎಂಬ ಹೆಸರುಗಳು ಹುಟ್ಟಿದ್ದು ಈ ಎರಡು ಮುಳ್ಳುಗಳಿಂದಲೇ.

ಮುಳ್ಳು ಹೊತ್ತ ಕಣದೊಳಗೆ ಆರ್‌ಎನ್‌ಎಯ ಎಂಟು ತುಣುಕುಗಳಿವೆ. ಒಂದೇ ಹಂದಿಗೆ ಎರಡು ಬೇರೆ ವೈರಸ್‌ಗಳು ಒಟ್ಟಿಗೆ ತಗುಲಿದರೆ ತುಣುಕುಗಳು ಕಲೆತು ಮೂರನೆಯದೊಂದು ಹುಟ್ಟಬಹುದು. ಮೆಕ್ಕೆಜೋಳದ ಹೈಬ್ರಿಡ್ ಬೀಜ ಬಿತ್ತುವ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1957, 1968 ಮತ್ತು 2009ರಲ್ಲಿ ಲೋಕವನ್ನೆಲ್ಲ ಸುತ್ತಿದ ಫ್ಲೂಗಳು ಇಂಥ ಬೆರಕೆಯ ಸಂತಾನ.

2009ರ ಎಚ್1ಎನ್1ಗೆ ಜನ ‘ಹಂದಿಜ್ವರ’ ಎಂದರು, ಆದರೆ ಅದು ಹಬ್ಬಿದ್ದು ಮನುಷ್ಯರ ಕೆಮ್ಮಿನಿಂದ. ಆಗ ಹಿರಿಯರಿಗೆ ಅದು ತಗುಲಿದ್ದು ಕಡಿಮೆ. ಅದೇ ವಂಶದ ವೈರಸ್ಸನ್ನು ಅವರಲ್ಲಿ ಹಲವರ ದೇಹ ಎಳವೆಯಲ್ಲೇ ಕಂಡಿತ್ತು. ಗರ್ಭಿಣಿಯರನ್ನೂ ಪ್ರಾಯದವರನ್ನೂ ಅದು ಕಾಡಿತು. ಎಚ್3ಎನ್2 ಹಾಗಲ್ಲ. ಅದು ಹೆಚ್ಚು ಹಬ್ಬಿದ ವರ್ಷಗಳಲ್ಲಿ ಆಪತ್ತು ಅಜ್ಜ-ಅಜ್ಜಿಯರಿಗೆ. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಅದಕ್ಕೆ ತುತ್ತಾದವರು ಎಂಬತ್ತು ದಾಟಿದ ಹಿರಿಯರೊಬ್ಬರು.

ಹಕ್ಕಿಜ್ವರವೂ ಎ ಬಗೆಯದೇ. 2020ರ ಮಾರ್ಚ್‌ನಲ್ಲಿ ಪಕ್ಕದ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಕೋಳಿಗಳಿಗೆ ಅದು ತಗುಲಿತ್ತು. ಇದು ಮನುಷ್ಯರಿಗೆ ತಗುಲುವುದು ಅಪರೂಪ, ತಗುಲಿದರೆ ಮಾತ್ರ ಪ್ರಾಣಾಂತಿಕವಾಗಬಹುದು. ಚೆನ್ನಾಗಿ ಬೇಯಿಸಿದ ಕೋಳಿ, ಮೊಟ್ಟೆ ತಿನ್ನಲು ಅಂಜಬೇಕಿಲ್ಲ; ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬಾರದು.

ಬಿ ಬಗೆ ಹೆಚ್ಚುಕಡಿಮೆ ಮನುಷ್ಯರನ್ನೇ ನೆಚ್ಚಿಕೊಂಡದ್ದು, ಶಾಲೆಯ ಮಕ್ಕಳಿಗೆ ಹೆಚ್ಚು. ಅದರ ಎರಡು ಕವಲುಗಳು ವಿಕ್ಟೋರಿಯಾ ಮತ್ತು ಯಮಗಾಟ. 2020ರ ಮಾರ್ಚ್‌ನಿಂದೀಚೆಗೆ ಯಮಗಾಟ ಎಲ್ಲೂ ಖಚಿತವಾಗಿ ಪತ್ತೆಯಾಗಿಲ್ಲ. ನಾಲ್ಕು ವೈರಸ್‌ಗಳ ಲಸಿಕೆಯಿಂದ ಅದನ್ನು ಕೈಬಿಟ್ಟು ಮೂರಕ್ಕೆ ಇಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಈ ಕಾರಣಕ್ಕೆ. ಸಿ ತರುವುದು ಸಾಮಾನ್ಯವಾಗಿ ಸಣ್ಣ ನೆಗಡಿ. ಡಿ ಮುಖ್ಯವಾಗಿ ದನಗಳದು. ಮನುಷ್ಯರಿಗೆ ಅದರಿಂದ ಕಾಯಿಲೆ ಬಂದದ್ದು ತಿಳಿದಿಲ್ಲ.

ಮುಳ್ಳುಗಳು ವರ್ಷವರ್ಷವೂ ಸ್ವಲ್ಪಸ್ವಲ್ಪ ಬದಲಾಗುತ್ತವೆ. ಕಳೆದ ವರ್ಷದ ಲಸಿಕೆ ಈ ವರ್ಷಕ್ಕೆ ಸಾಲದು.

ಬಂದದ್ದು ಎಚ್1ಎನ್1ಓ ಎಚ್3ಎನ್2ಓ ಎಂದು ನಾಡಿ ಹಿಡಿದು ಹೇಳಲು ಬರುವುದಿಲ್ಲ. ಗಂಟಲು-ಮೂಗಿನ ದ್ರವ ಪ್ರಯೋಗಾಲಯಕ್ಕೆ ಹೋಗಬೇಕು. “ಒಂದು ಸೂಜಿ ಮಾಡ್ರಿ” ಎಂದು ಹಟ ಹಿಡಿದು ಚುಚ್ಚಿಸಿಕೊಳ್ಳುವ ಆಂಟಿಬಯಾಟಿಕ್ ಯಾವ ಫ್ಲೂ ವೈರಸ್ಸನ್ನೂ ಮುಟ್ಟುವುದಿಲ್ಲ. ಎನ್ ಮುಳ್ಳನ್ನು ಕಟ್ಟಿಹಾಕುವ ಒಸೆಲ್ಟಾಮಿವಿರ್ ಮಾತ್ರೆ ಬೇರೆ, ಜ್ವರ ಬಂದ ಮೊದಲ ಎರಡು ದಿನಗಳಲ್ಲೇ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಹೀಗಾಗಿ ಗರ್ಭಿಣಿಗೆ, 65 ದಾಟಿದವರಿಗೆ, ಸಕ್ಕರೆ ಕಾಯಿಲೆ ಅಥವಾ ದಮ್ಮು ಇರುವವರಿಗೆ ಫ್ಲೂ ಎಂದು ಅನುಮಾನ ಬಂದರೆ ವೈದ್ಯರು ವರದಿಗೆ ಕಾಯದೆ ಮಾತ್ರೆ ಶುರು ಮಾಡುತ್ತಾರೆ. ಅಂಥವರನ್ನು ಮೂರನೆಯ ದಿನದವರೆಗೆ ಕಷಾಯದಲ್ಲೇ ಇರಿಸದೆ ಮೊದಲ ದಿನವೇ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬೇಕು.