ಹಳ್ಳಿಯ ಮಗುವಿಗೆ ಲಾ ಸ್ಕೂಲ್ ಎಷ್ಟು ದೂರ?

(ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಪಿಯುಸಿ ಫಲಿತಾಂಶ ಪ್ರಕಟವಾದ ವಾರದಲ್ಲಿ ತಂದೆಯೊಬ್ಬರು ಮಗಳ ಅಂಕಪಟ್ಟಿ ಹಿಡಿದು ನಮ್ಮಲ್ಲಿಗೆ ಬಂದಿದ್ದರು. ಹಳ್ಳಿಯ ಸರಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತ ಹುಡುಗಿ. ಕಲಾ ವಿಭಾಗದಲ್ಲಿ ಉನ್ನತ ಶ್ರೇಣಿ. ವಕೀಲೆಯಾಗಬೇಕೆಂಬುದು ಆಕೆಯ ಹಂಬಲ. "ಬೆಂಗಳೂರಿನ ಆ ದೊಡ್ಡ ಲಾ ಕಾಲೇಜಿನ ಫಾರಂ ಎಲ್ಲಿ ಸಿಗುತ್ತದೆ?" ಎಂದು ತಂದೆ ಕೇಳಿದರು. ಅದರ ಪ್ರವೇಶ ಪರೀಕ್ಷೆ ಹಿಂದಿನ ಡಿಸೆಂಬರಿನಲ್ಲಿಯೇ ಮುಗಿದುಹೋಗಿದೆ ಎಂದು ನಾವು ಹೇಳಬೇಕಾಯಿತು. ಅವರು ಮರುಮಾತಾಡದೆ ಅಂಕಪಟ್ಟಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡರು. ಇಂದು ನಿಮ್ಮೆದುರು ನಿಲ್ಲುವಂತೆ ನಮ್ಮನ್ನು ಪ್ರೇರೇಪಿಸಿದ್ದು ಆ ಮಡಚಿದ ಕಾಗದ.

ಬೆಂಗಳೂರಿನ ನಾಗರಭಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲಾ ವಿಶ್ವವಿದ್ಯಾಲಯವು ನಮ್ಮದೇ ರಾಜ್ಯದ ಶಾಸನದಿಂದ ಹುಟ್ಟಿದ ಸಂಸ್ಥೆ. ದೇಶದ ನಾನಾ ರಾಜ್ಯಗಳಲ್ಲಿ ಸ್ಥಾಪನೆಯಾದ ಕಾನೂನು ವಿಶ್ವವಿದ್ಯಾಲಯಗಳಿಗೆಲ್ಲ ಇದೇ ಮಾದರಿ. ಇದರ ಮತ್ತು ಇಂತಹ ಇಪ್ಪತ್ತಕ್ಕೂ ಹೆಚ್ಚು ಸಂಸ್ಥೆಗಳ ಐದು ವರ್ಷದ ಕೋರ್ಸಿಗೆ 2008ರಿಂದ ಕ್ಲ್ಯಾಟ್ ಎಂಬ ಒಂದೇ ಪರೀಕ್ಷೆ ನಡೆಯುತ್ತಿದೆ. ಮೊದಲು ಮೇ ತಿಂಗಳಲ್ಲಿ ನಡೆಯುತ್ತಿದ್ದ ಈ ಪರೀಕ್ಷೆಯನ್ನು 2022ರಿಂದ ಡಿಸೆಂಬರಿಗೆ ತರಲಾಯಿತು. ಅರ್ಜಿ ಜುಲೈ-ಆಗಸ್ಟ್ ಸುಮಾರಿಗೆ ಆರಂಭವಾಗಿ ದೀಪಾವಳಿಯ ಹೊತ್ತಿಗೆ ಮುಗಿದಿರುತ್ತದೆ. ಅಂದರೆ ದ್ವಿತೀಯ ಪಿಯುಸಿಯ ವಿದ್ಯಾರ್ಥಿ ಬೋರ್ಡ್ ಪರೀಕ್ಷೆಯನ್ನು ಕಾಣುವ ಮೊದಲೇ ಇದನ್ನು ಬರೆದಿರಬೇಕು. ನಗರದ ಕೋಚಿಂಗ್ ಸೆಂಟರಿನ ಮಗುವಿಗೆ ಇದು ಹತ್ತನೆಯ ತರಗತಿಯಲ್ಲಿಯೇ ತಿಳಿದಿರುತ್ತದೆ. ಹಳ್ಳಿಯ ಮಗುವಿಗೆ ಫಲಿತಾಂಶದ ಬಳಿಕ ತಿಳಿಯುತ್ತದೆ. ಪ್ರತಿಭೆಯ ಮಾತು ಬರುವ ಮೊದಲೇ ಹೀಗೆ ಒಂದು ಸುತ್ತಿನ ಆಯ್ಕೆ ಮುಗಿದುಹೋಗಿರುತ್ತದೆ!

ಇನ್ನು ಪರೀಕ್ಷೆಯ ಸ್ವರೂಪವನ್ನು ನೋಡೋಣ. ಎರಡು ಗಂಟೆ, 120 ಪ್ರಶ್ನೆಗಳು, ಪ್ರತಿ ತಪ್ಪಿಗೆ ಕಾಲು ಅಂಕ ಕಡಿತ. ಸುಮಾರು 450 ಪದಗಳ ಇಂಗ್ಲಿಷ್ ಗದ್ಯಭಾಗಗಳನ್ನು ಒಂದರ ಹಿಂದೊಂದರಂತೆ ಓದಿ ಉತ್ತರಿಸಬೇಕು. ಇಲ್ಲಿ ಕಾನೂನಿನ ಜ್ಞಾನವನ್ನು ಮುಂಚಿತವಾಗಿ ಅಪೇಕ್ಷಿಸುವುದಿಲ್ಲ. ಇಂಗ್ಲಿಷನ್ನು ವೇಗವಾಗಿ ಓದಿ ಗ್ರಹಿಸುವ ಅಭ್ಯಾಸವನ್ನು ಅಪೇಕ್ಷಿಸಲಾಗುತ್ತದೆ, ಮತ್ತು ಅದು ಮನೆಗೆ ಇಂಗ್ಲಿಷ್ ಪತ್ರಿಕೆ ಬರುವ ಮಕ್ಕಳಿಗೆ ಅನಾಯಾಸವಾಗಿ ಬಂದಿರುತ್ತದೆ. ವೈದ್ಯಕೀಯಕ್ಕೆ ನೀಟ್ ಅನ್ನು ಕನ್ನಡದಲ್ಲಿ ಬರೆಯಬಹುದು, ಜೆಇಇ ಮೈನ್ ಅನ್ನೂ ಬರೆಯಬಹುದು. ಕ್ಲ್ಯಾಟ್ ಮಾತ್ರ ಇಂಗ್ಲಿಷಿನಲ್ಲಿಯೇ ಇದೆ. ಭಾರತೀಯ ಭಾಷೆಗಳಲ್ಲಿಯೂ ಪರೀಕ್ಷೆ ನಡೆಯಲಿ ಎಂದು 2023ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಅರ್ಜಿ ಸಲ್ಲಿಕೆಯಾಗಿತ್ತು. ಈ ಬೇಡಿಕೆ ನ್ಯಾಯವಾದುದು ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಹಾಗೆಂದು ಅದು ಈಡೇರುವ ತನಕ ನಮ್ಮ ಮಕ್ಕಳನ್ನು ಕಾಯಿಸಲಾದೀತೇ?

ಸಿಇಟಿಯಲ್ಲಿ ಒಂದರಿಂದ ಹತ್ತರ ತನಕ ಗ್ರಾಮೀಣ ಪ್ರದೇಶದಲ್ಲಿ ಕಲಿತವರಿಗೆ ಶೇ. 15 ಮತ್ತು ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇರುವುದನ್ನು ನೀವು ಬಲ್ಲಿರಿ. ಲಾ ಸ್ಕೂಲಿನಲ್ಲಿ ಆ ಪ್ರಮಾಣಪತ್ರಗಳಿಗೆ ಬೆಲೆಯಿಲ್ಲ. ಅಲ್ಲಿರುವುದು ಬೇರೊಂದು ಸೌಲಭ್ಯ. 2020ರಲ್ಲಿ ರಾಜ್ಯ ಸರಕಾರವು ಕಾನೂನು ತಿದ್ದುಪಡಿ ಮಾಡಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ. 25 ಸ್ಥಾನಗಳನ್ನು ಮೀಸಲಿರಿಸಿತು. ಅದೇ ವರ್ಷ ಹೈಕೋರ್ಟು ಅದನ್ನು ರದ್ದುಪಡಿಸಿತು. ಬಳಿಕ 2021ರಲ್ಲಿ ವಿಶ್ವವಿದ್ಯಾಲಯವು ತಾನಾಗಿಯೇ ಅಷ್ಟೇ ಪ್ರಮಾಣದ ಅವಕಾಶವನ್ನು ಜಾರಿಗೆ ತಂದಿತು. ಇದರ ಷರತ್ತನ್ನು ಗಮನವಿಟ್ಟು ಕೇಳಿ. ಇಲ್ಲಿ ಜನ್ಮಸ್ಥಳವನ್ನಾಗಲಿ ರೇಷನ್ ಕಾರ್ಡನ್ನಾಗಲಿ ಕೇಳುವುದಿಲ್ಲ. ಕರ್ನಾಟಕದ ಮಾನ್ಯತೆ ಪಡೆದ ವಿದ್ಯಾಸಂಸ್ಥೆಗಳಲ್ಲಿ ಕನಿಷ್ಠ ಹತ್ತು ವರ್ಷ ಓದಿರಬೇಕು. ಮಕ್ಕಳನ್ನು ಹೊರರಾಜ್ಯದ ವಸತಿ ಶಾಲೆಗಳಿಗೆ ಕಳುಹಿಸಿರುವವರು ಇಂದೇ ವರ್ಷಗಳನ್ನು ಎಣಿಸಿ ನೋಡುವುದೊಳಿತು. ನಮ್ಮ ಕರಾವಳಿಯವರಲ್ಲಿ ಇಂತಹವರು ಕಡಿಮೆಯಿಲ್ಲ. ಆದರೆ ಈ ಶೇ. 25 ಬೆಂಗಳೂರಿನ ದುಬಾರಿ ಶಾಲೆಯ ಮಗುವಿಗೂ ಹಳ್ಳಿಯ ಮಗುವಿಗೂ ಸಮಾನವಾಗಿ ತೆರೆದಿದೆ ಎಂಬುದನ್ನು ಮರೆಯದಿರೋಣ. ಅದರೊಳಗೂ ಸ್ಪರ್ಧೆಯಿದೆ, ಮತ್ತು ಆ ಸ್ಪರ್ಧೆ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ.

ಪ್ರತಿಷ್ಠಿತ ಕಾಲೇಜುಗಳ ಪದವಿ ವಿದ್ಯಾರ್ಥಿಗಳಲ್ಲಿ 25 ಮಂದಿಗೊಬ್ಬ, ಸ್ನಾತಕೋತ್ತರ ಹಂತದಲ್ಲಿ 50 ಮಂದಿಗೊಬ್ಬ ಮಾತ್ರ ಮುಸ್ಲಿಮ್ ಎಂದು ಸಾಚಾರ್ ಸಮಿತಿ 2006ರಲ್ಲಿ ಹೇಳಿತ್ತು. ಆ ವರದಿಯನ್ನು ವೇದಿಕೆಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದೇವೋ ಲೆಕ್ಕವಿಲ್ಲ. ಮಗುವೊಂದಕ್ಕೆ ಅರ್ಜಿ ತುಂಬಿಸಿಕೊಟ್ಟದ್ದು ಎಷ್ಟು ಸಲ? ಸಂಕಷ್ಟ ಎದುರಾದಾಗ ನಡುರಾತ್ರಿಯಲ್ಲಿ ವಕೀಲರನ್ನು ಹುಡುಕುವ ಸಮುದಾಯವು, ಕಲಾ ವಿಭಾಗ ಆರಿಸಿಕೊಂಡ ಮಗುವನ್ನು ಕನಿಕರದಿಂದ ನೋಡುವುದು ವಿಪರ್ಯಾಸವಲ್ಲದೆ ಮತ್ತೇನು? ಕ್ಲ್ಯಾಟ್ ಬರೆಯಲು ಕಲೆ, ವಾಣಿಜ್ಯ, ವಿಜ್ಞಾನ ಯಾವುದಾದರೂ ಸಾಕು. ಸಾಮಾನ್ಯ ವರ್ಗದವರಿಗೂ ಪಿಯುಸಿಯಲ್ಲಿ ಬೇಕಾಗಿರುವುದು ಶೇ. 45 ಅಂಕ ಮಾತ್ರ. ವಯೋಮಿತಿಯೂ ಇಲ್ಲ. ಅಡ್ಡಿಯಾಗುವುದು 4,000 ರೂಪಾಯಿಯ ಅರ್ಜಿ ಶುಲ್ಕ. ಬಡತನ ರೇಖೆಗಿಂತ ಕೆಳಗಿನವರಿಗೂ ಅದು 3,500 ರೂಪಾಯಿ! ದಿನಗೂಲಿಯ ತಂದೆಗೆ ಇದು ಸಣ್ಣ ಮೊತ್ತವಲ್ಲ.

ಇಲ್ಲಿ ಶಮ್ನಾದ್ ಬಶೀರ್‌ರವರನ್ನು ಸ್ಮರಿಸದಿದ್ದರೆ ಮಾತು ಅಪೂರ್ಣವಾದೀತು. ಕೇರಳ ಮೂಲದ ಅವರು ಇದೇ ಬೆಂಗಳೂರು ಲಾ ಸ್ಕೂಲಿನಲ್ಲಿ ಕಲಿತು, ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮಾಡಿ, ಕೊಲ್ಕತ್ತಾದ ಕಾನೂನು ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ತಮ್ಮ ತರಗತಿಗಳಿಗೆ ಹಳ್ಳಿಯ ಮಕ್ಕಳು ಏಕೆ ಬರುತ್ತಿಲ್ಲ ಎಂಬ ಚಿಂತೆಯಿಂದ 2010ರಲ್ಲಿ ಐಡಿಯಾ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ಅದರ ಕಾರ್ಯಕರ್ತರು, ಹೆಚ್ಚಿನವರು ಕಾನೂನು ವಿದ್ಯಾರ್ಥಿಗಳೇ, ಹಿಂದುಳಿದ ಶಾಲೆಗಳಿಗೆ ಹೋಗಿ ಇಂತಹ ಕಲಿಕೆಯೊಂದಿದೆ ಎಂದು ತಿಳಿಸುತ್ತಾರೆ. ಆಯ್ದ ಮಕ್ಕಳಿಗೆ ತರಬೇತಿ ಕೊಡುತ್ತಾರೆ. ಸ್ಥಾನ ಸಿಕ್ಕಿದ ಬಳಿಕವೂ ಅವರ ಕೈ ಬಿಡುವುದಿಲ್ಲ. ಶಮ್ನಾದ್‌ರವರು 2019ರ ಆಗಸ್ಟಿನಲ್ಲಿ ತೀರಿಕೊಂಡದ್ದು ನಮ್ಮದೇ ಚಿಕ್ಕಮಗಳೂರು ಜಿಲ್ಲೆಯಲ್ಲಿ. ಆದರೂ ಅವರ ಹೆಸರು ನಮ್ಮಲ್ಲಿ ಬಹುತೇಕರಿಗೆ ಅಪರಿಚಿತ.

ಪಟ್ಟಣದಲ್ಲಿರುವ ನಮ್ಮಲ್ಲಿ ಯಾರಿಗೆ ಹಳ್ಳಿಯ ಬಂಧುಗಳಿಲ್ಲ? ಎಂಟನೆಯ ತರಗತಿಯ ಸೋದರಳಿಯನಿಗೆ ನಾವು ಓದಿ ಮುಗಿಸಿದ ಇಂಗ್ಲಿಷ್ ಪತ್ರಿಕೆಯನ್ನು ವಾರಕ್ಕೊಮ್ಮೆ ಕಟ್ಟಿ ಕಳುಹಿಸಬಹುದು. ದಿನಕ್ಕೆ ಒಂದು ಸಂಪಾದಕೀಯ, ಪಕ್ಕದಲ್ಲೊಂದು ನಿಘಂಟು. ನಾಲ್ಕು ವರ್ಷಗಳ ಈ ಅಭ್ಯಾಸಕ್ಕೆ ಕೊನೆಯ ಮೂರು ತಿಂಗಳ ಕೋಚಿಂಗ್ ಎಂದಿಗೂ ಸಾಟಿಯಾಗದು. ಡಿಸೆಂಬರಿನ ಪರೀಕ್ಷೆಗೆ ಹಿಂದಿನ ದಿನವೇ ಬರುವ ಹೆಣ್ಣುಮಗಳಿಗೂ ಆಕೆಯ ತಾಯಿಗೂ ನಮ್ಮ ಮನೆಯ ಒಂದು ಕೋಣೆಯನ್ನು ಬಿಟ್ಟುಕೊಡಬಹುದು.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇವೆ. ಆಕೆ ಈಗ ತಾಲೂಕು ಕೇಂದ್ರದಲ್ಲಿ ಬಿ.ಎ. ಓದುತ್ತಿದ್ದಾಳೆ. ಪದವೀಧರರಿಗಾಗಿ ಅದೇ ಲಾ ಸ್ಕೂಲ್ 2022ರಲ್ಲಿ ಮೂರು ವರ್ಷದ ಎಲ್‌ಎಲ್‌ಬಿಯನ್ನು ಆರಂಭಿಸಿದೆ. ಅದಕ್ಕೆ ಎನ್‌ಎಲ್‌ಸ್ಯಾಟ್ ಎಂಬ ಪ್ರತ್ಯೇಕ ಪರೀಕ್ಷೆಯಿದ್ದು, ಅದರಲ್ಲಿ ಇಂಗ್ಲಿಷ್ ಪ್ರಬಂಧವನ್ನೂ ಬರೆಯಬೇಕು. ಪ್ರತಿ ಭಾನುವಾರ ಆಕೆ ಒಂದು ಪುಟ ಬರೆದು ನಮಗೆ ಕಳುಹಿಸುತ್ತಾಳೆ. ಮೊದಲ ಪುಟದಲ್ಲಿ ಕೆಂಪು ಗೆರೆ ಬೀಳದ ಸಾಲೇ ಇರಲಿಲ್ಲ. ಕಳೆದ ವಾರದ್ದರಲ್ಲಿ ಹನ್ನೊಂದು ಗೆರೆಗಳಿದ್ದವು. ಇಂಗ್ಲಿಷ್ ಬಲ್ಲವರು ಈ ಸಭೆಯಲ್ಲಿ ಅನೇಕರಿದ್ದೀರಿ. ಇಂತಹ ಇನ್ನೂ ಆರು ಮಕ್ಕಳ ಹಾಳೆಗಳು ನಮ್ಮ ಚೀಲದಲ್ಲಿವೆ. ತಿದ್ದಿಕೊಡಬಲ್ಲವರು ಸಭೆಯ ಬಳಿಕ ದಯವಿಟ್ಟು ಈ ಮೇಜಿನ ಬಳಿಗೆ ಬನ್ನಿ.